ಯಾರ ಪಾಪ? ಯೇಸು ಒಪ್ಪದ ಪ್ರಶ್ನೆ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯ ಭಾಗ: ಯೋಹಾನ 9:1–7, 18–23, 34–38

ದಯವಿಟ್ಟು ಕೂತುಕೊಳ್ಳಿ. ಆರಾಧನೆ ನಡೆಸಿದ ಯೌವನಸ್ಥರಿಗಾಗಿ ದೇವರಿಗೆ ಸ್ತೋತ್ರ.

ಇದು ಫೆಬ್ರವರಿ ತಿಂಗಳ ಕೊನೆಯ ಭಾನುವಾರ. ಫೆಬ್ರವರಿಯ ಕೊನೆಯ ದಿನವನ್ನು ಪ್ರಪಂಚದಲ್ಲಿ ಅಪರೂಪದ ಕಾಯಿಲೆಗಳ ದಿನ ಅಂತ ಆಚರಿಸುತ್ತಾರೆ. 2008ರಲ್ಲಿ ಮೊದಲ ಸಲ ಆಚರಿಸಿದಾಗ ಅದಕ್ಕೆ ಆರಿಸಿದ್ದು ಫೆಬ್ರವರಿ 29. ನಾಲ್ಕು ವರ್ಷಕ್ಕೊಮ್ಮೆ ಬರುವ ಅಪರೂಪದ ದಿನ. ಹಾಗಾಗಿ ಇವತ್ತು ನಾನು ಕೆಲಸದ ಬಗ್ಗೆಯಾಗಲಿ, ವೀಸಾ ಬಗ್ಗೆಯಾಗಲಿ ಮಾತಾಡೋದಿಲ್ಲ. ಒಂದು ಮಗುವಿನ ಬಗ್ಗೆ, ಆ ಮಗುವಿನ ತಂದೆತಾಯಿಯ ಧೈರ್ಯದ ಬಗ್ಗೆ ಮಾತಾಡ್ತೀನಿ. ಆಮೇಲೆ ನಮ್ಮ ಸಭೆಯ ಬಗ್ಗೆ.

ಬೈಬಲ್ ತೆರೆಯಿರಿ. ಫೋನಿನಲ್ಲಿರೋರು ನೋಟಿಫಿಕೇಶನ್ ಆಫ್ ಮಾಡಿ ತೆರೆಯಿರಿ. ಯೋಹಾನನ ಸುವಾರ್ತೆ, 9ನೇ ಅಧ್ಯಾಯ.

ಯೇಸು ದಾರಿಯಲ್ಲಿ ಹೋಗ್ತಾ ಒಬ್ಬ ಮನುಷ್ಯನನ್ನು ನೋಡ್ತಾರೆ. ಅವನು ಹುಟ್ಟು ಕುರುಡ. ಶಿಷ್ಯರೂ ಅವನನ್ನೇ ನೋಡ್ತಾರೆ. ಆದರೆ ಯೇಸು ಕಂಡಿದ್ದು ಮನುಷ್ಯನನ್ನು. ಶಿಷ್ಯರು ಕಂಡಿದ್ದು ಒಂದು ಕೇಸ್. ತಕ್ಷಣ ಅವರ ಬಾಯಿಂದ ಬಂದ ಪ್ರಶ್ನೆ: ಇವನು ಹೀಗೆ ಹುಟ್ಟೋದಕ್ಕೆ ಯಾರು ಪಾಪ ಮಾಡಿದ್ದು, ಇವನೋ, ಇವನ ಅಪ್ಪ ಅಮ್ಮನೋ?

ಗಮನಿಸಿ, ಆ ಮನುಷ್ಯ ಅಲ್ಲೇ ಕೂತಿದ್ದಾನೆ. ಅವನಿಗೆ ಕಣ್ಣು ಕಾಣಿಸಲ್ಲ, ಕಿವಿ ಚೆನ್ನಾಗಿಯೇ ಕೇಳಿಸುತ್ತೆ. ಅವನ ಎದುರಿಗೇ ಈ ಚರ್ಚೆ. ಬಹುಶಃ ಚಿಕ್ಕಂದಿನಿಂದ ಅವನು ಈ ಮಾತು ನೂರು ಸಲ ಕೇಳಿರಬೇಕು.

ಯೇಸುವಿನ ಉತ್ತರ ಎಷ್ಟು ನೇರ ನೋಡಿ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ. ಶಿಷ್ಯರು ಕೊಟ್ಟಿದ್ದು ಎರಡೇ ಆಯ್ಕೆ. ಯೇಸು ಆ ಎರಡನ್ನೂ ಒಪ್ಪಲಿಲ್ಲ. ದೇವರ ಕ್ರಿಯೆ ಇವನಲ್ಲಿ ಕಾಣಬೇಕು ಅಂದರು. ಮುಂದಿನ ವಚನದಲ್ಲೇ, ಹಗಲಿರುವಾಗಲೇ ನಾವು ಕೆಲಸ ಮಾಡಬೇಕು ಅಂತಾರೆ. ಕೆಲವರು ಮೂರನೇ ವಚನ ಓದಿ, ಹಾಗಾದರೆ ದೇವರು ತನ್ನ ಮಹಿಮೆ ತೋರಿಸೋದಕ್ಕೆ ಒಂದು ಮಗುವನ್ನು ಕುರುಡಾಗಿ ಹುಟ್ಟಿಸಿದನಾ ಅಂತ ಕೇಳ್ತಾರೆ. ನಾಲ್ಕನೇ ವಚನ ಬಿಡಬೇಡಿ. ಯೇಸು ಶಿಷ್ಯರ ಗಮನವನ್ನು ಕಾರಣದಿಂದ ಕೆಲಸದ ಕಡೆ ತಿರುಗಿಸ್ತಾ ಇದ್ದಾರೆ. ಆಮೇಲೆ ನೆಲಕ್ಕೆ ಉಗುಳಿ, ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಸಿಲೊವ ಕೊಳಕ್ಕೆ ಕಳಿಸ್ತಾರೆ. ಶಿಷ್ಯರು ಚರ್ಚೆ ಮಾಡೋ ಹೊತ್ತಿನಲ್ಲಿ ಯೇಸುವಿನ ಕೈ ಕೆಸರಾಗಿತ್ತು. ಹಲ್ಲೆಲೂಯ.

ಶಿಷ್ಯರ ಆ ಪ್ರಶ್ನೆ ಇವತ್ತಿಗೂ ಸತ್ತಿಲ್ಲ ಪ್ರಿಯರೇ. ಅದು ಬೆಂಗಳೂರಿನಲ್ಲೂ ಇದೆ.

ಈ ಊರಿನಲ್ಲಿ ನನಗೆ ಪರಿಚಯ ಇರುವ ಒಂದು ಕುಟುಂಬ. ಅವರ ಅನುಮತಿ ಕೇಳಿಯೇ ಹೇಳ್ತಾ ಇದ್ದೀನಿ, ಗುರುತು ಹೇಳಲ್ಲ. ಮಗುವಿಗೆ ಅಪರೂಪದ ಒಂದು ಜೆನೆಟಿಕ್ ಕಾಯಿಲೆ. ಅಮ್ಮ ಮೂರು ಕಡೆ ಪ್ರಾರ್ಥನೆಗೆ ಹೋದಳು. ಒಂದು ಕಡೆ ಪ್ರಾರ್ಥನೆ ಮಾಡಿದವರು ಕೇಳಿದರಂತೆ, "ನಿಮ್ಮ ತವರು ಮನೆ ಕಡೆ ಮಾಟ ಮಂತ್ರ ಮಾಡಿದವರು ಇದ್ದಾರಾ ಸಿಸ್ಟರ್?" ಇನ್ನೊಂದು ಕಡೆ, "ಮದುವೆಗೆ ಮುಂಚೆ ಏನಾದರೂ ಬಚ್ಚಿಟ್ಟ ಪಾಪ ಇದೆಯಾ?" ಮನೆಗೆ ಬಂದರೆ ಅತ್ತೆ ಹೇಳೋದು, "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲಮ್ಮ." ನೆರೆಹೊರೆಯವರು ಕರ್ಮ ಅಂತಾರೆ, ನಾವು ತಲೆಮಾರಿನ ಶಾಪ ಅಂತೀವಿ. ಪದ ಬೇರೆ, ಪ್ರಶ್ನೆ ಅದೇ. ಆ ತಾಯಿ ನನಗೆ ಹೇಳಿದ ಮಾತು: "ಬ್ರದರ್, ಮಗು ಕಾಯಿಲೆ ನಾನು ತಡ್ಕೋತೀನಿ. ಈ ಪ್ರಶ್ನೆ ತಡ್ಕೊಳ್ಳೋಕೆ ಆಗ್ತಾ ಇಲ್ಲ."

ಅದಕ್ಕೇ ಇವತ್ತು ಒಂದು ನಿಜವಾದ ಕುಟುಂಬದ ವಿಷಯ ಹೇಳ್ತೀನಿ. ನಿಮ್ಮಲ್ಲಿ ಕೆಲವರು 'ಲೊರೆಂಜೋಸ್ ಆಯಿಲ್' ಅನ್ನೋ ಸಿನಿಮಾ ನೋಡಿರಬಹುದು, 1992ರದ್ದು. ನಾನು ಹೇಳೋದು ಸಿನಿಮಾದ ಮುಂದಿನ ಕಥೆಯನ್ನೂ ಸೇರಿಸಿ.

ಆಗಸ್ಟೋ ಒಡೋನೆ ಇಟಲಿಯವರು, ವಿಶ್ವ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞ. ಹೆಂಡತಿ ಮಿಕೇಲಾ ಅಮೆರಿಕದವರು. 1978ರ ಮೇ 29ರಂದು ಅವರಿಗೆ ಲೊರೆಂಜೋ ಹುಟ್ಟಿದ. ಅಪ್ಪನ ಕೆಲಸದ ಕಾರಣ ಹಿಂದೂ ಮಹಾಸಾಗರದ ಕೊಮೊರೋಸ್ ದ್ವೀಪಗಳಲ್ಲಿ ಕುಟುಂಬ ಇತ್ತು. ಹುಡುಗ ಚುರುಕು, ಮೂರು ಭಾಷೆ ಮಾತಾಡ್ತಿದ್ದ. ಅಮೆರಿಕಕ್ಕೆ ವಾಪಸ್ ಬಂದ ಮೇಲೆ ಶಾಲೆಯಿಂದ ದೂರು ಬರೋಕೆ ಶುರು. ಗಲಾಟೆ ಮಾಡ್ತಾನೆ, ಹೇಳಿದ್ದು ಕೇಳಿಸಿಕೊಳ್ಳಲ್ಲ, ಎಡವಿ ಬೀಳ್ತಾನೆ. ಶಿಸ್ತಿನ ಸಮಸ್ಯೆ ಅಂದುಕೊಂಡಿದ್ದು ಮೆದುಳಿನ ಸಮಸ್ಯೆ ಆಗಿತ್ತು. 1984ರಲ್ಲಿ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಅಡ್ರಿನೋಲ್ಯೂಕೋಡಿಸ್ಟ್ರೋಫಿ, ಚಿಕ್ಕದಾಗಿ ಎ.ಎಲ್.ಡಿ. ಔಷಧ ಇಲ್ಲ, ಸುಮಾರು ಎರಡು ವರ್ಷ ಬದುಕಬಹುದು ಅಂದರು. ಹುಡುಗನಿಗೆ ಇನ್ನೂ ಆರು ತುಂಬಿರಲಿಲ್ಲ.

ಈ ಕಾಯಿಲೆಯಲ್ಲಿ ಏನಾಗುತ್ತೆ? ಕರೆಂಟಿನ ವೈರ್ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತಲ್ಲ, ಹಾಗೆ ನಮ್ಮ ನರಗಳ ಮೇಲೆ ಮೈಲಿನ್ ಅನ್ನೋ ಹೊದಿಕೆ ಇದೆ. ಈ ಮಕ್ಕಳ ದೇಹದಲ್ಲಿ ಒಂದು ಬಗೆಯ ಕೊಬ್ಬಿನ ಆಮ್ಲ ಕರಗದೆ ಶೇಖರ ಆಗುತ್ತೆ. ಮೆದುಳಿನಲ್ಲಿ ಆ ಹೊದಿಕೆ ಹಾಳಾಗುತ್ತಾ ಹೋಗುತ್ತೆ. ನಡಿಗೆ, ಮಾತು, ದೃಷ್ಟಿ, ನುಂಗುವ ಶಕ್ತಿ ಒಂದೊಂದಾಗಿ ಹೋಗುತ್ತೆ.

ಈಗ ಮುಖ್ಯವಾದ ವಿಷಯ. ಈ ಕಾಯಿಲೆಯ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಿಗೆ ಎರಡು ಎಕ್ಸ್. ಒಂದರಲ್ಲಿ ದೋಷ ಇದ್ದರೆ ಇನ್ನೊಂದು ಬಹಳ ಮಟ್ಟಿಗೆ ನಿಭಾಯಿಸುತ್ತೆ. ಗಂಡು ಮಗುವಿಗೆ ಒಂದೇ ಎಕ್ಸ್, ಅದು ಬರೋದು ತಾಯಿಯಿಂದ. ತಾಯಿ ವಾಹಕಿ ಆಗಿದ್ದರೆ ಪ್ರತಿ ಗಂಡು ಮಗುವಿಗೂ ಕಾಯಿಲೆಯ ಜೀನ್ ಬರುವ ಸಂಭವ ಶೇಕಡಾ 50. ಮಗು ಹುಟ್ಟುವಾಗ ಆಕೆಗೆ ಸಾಮಾನ್ಯವಾಗಿ ಇದರ ಸುಳಿವೇ ಇರೋದಿಲ್ಲ. ಯೋಚನೆ ಮಾಡಿ, ಮಗನ ಕಾಯಿಲೆ ನಿನ್ನಿಂದ ಬಂತು ಅನ್ನೋ ಮಾತು ಒಬ್ಬ ತಾಯಿಯ ಕಿವಿಗೆ ಹೇಗೆ ಬಿದ್ದಿರಬೇಕು? ಮಿಕೇಲಾ ಆ ಭಾರ ಹೊತ್ತದ್ದನ್ನು ಸಿನಿಮಾದಲ್ಲಿ ತೋರಿಸಿದ್ದಾರೆ.

ಇಲ್ಲಿ ನಿಲ್ಲಿ. ದಾಟಿಸೋದು ಬೇರೆ, ತಪ್ಪು ಮಾಡೋದು ಬೇರೆ. ತಾಯಿ ತನ್ನ ಜೀನ್ ಆರಿಸಿಕೊಂಡಿಲ್ಲ. ಯಾವ ಪ್ರತಿಯನ್ನು ಮಗುವಿಗೆ ಕೊಡಬೇಕು ಅಂತಲೂ ಆರಿಸಿಲ್ಲ. ನಮ್ಮೆಲ್ಲರ ಜೀನುಗಳಲ್ಲೂ ಅಲ್ಲಲ್ಲಿ ದೋಷ ಇದೆ, ಇಲ್ಲಿ ಕೂತಿರುವ ಪ್ರತಿಯೊಬ್ಬರಲ್ಲೂ ಇದೆ, ನನ್ನಲ್ಲೂ ಇದೆ. ಬಿದ್ದುಹೋದ ಈ ಲೋಕದಲ್ಲಿ ಸೃಷ್ಟಿಯೆಲ್ಲಾ ನರಳುತ್ತಾ ಇದೆ ಅಂತ ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ಆ ನರಳಾಟ ಒಬ್ಬ ತಾಯಿಯ ಹೆಸರಿಗೆ ಬರೆದ ಬಿಲ್ ಅಲ್ಲ.

ಕೆಲವರು ವಿಮೋಚನಕಾಂಡ 20 ತೋರಿಸ್ತಾರೆ. ಮೂರು ನಾಲ್ಕು ತಲೆಗಳವರೆಗೆ ಅಂತ ಇದೆಯಲ್ಲ ಬ್ರದರ್? ಇದೆ. ಅದು ವಿಗ್ರಹಾರಾಧನೆಯ ವಿಷಯ, ದೇವರನ್ನು ದ್ವೇಷಿಸುವವರ ವಿಷಯ. ಅದರ ಮುಂದಿನ ವಚನದಲ್ಲೇ ಸಾವಿರ ತಲೆಗಳ ಕೃಪೆಯ ಮಾತೂ ಇದೆ, ಅದನ್ನು ಯಾಕೆ ಓದಲ್ಲ? ಆಮೇಲೆ ಯೆಹೆಜ್ಕೇಲ 18ಕ್ಕೆ ಬನ್ನಿ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದದ್ದಕ್ಕೆ ಮಕ್ಕಳ ಹಲ್ಲು ಚಳಿತು ಹೋಯಿತು ಅನ್ನೋ ಅರ್ಥದ ಒಂದು ಗಾದೆ ಇಸ್ರಾಯೇಲಿನಲ್ಲಿ ಓಡಾಡ್ತಿತ್ತು. ಇನ್ನು ಮೇಲೆ ಈ ಗಾದೆ ನಿಮ್ಮ ಬಾಯಲ್ಲಿ ಬರಬಾರದು ಅಂತ ದೇವರೇ ನಿಲ್ಲಿಸ್ತಾರೆ. ಕ್ರಿಸ್ತನು ನಮಗೋಸ್ಕರ ಶಾಪವಾದನು ಅಂತ ಗಲಾತ್ಯ 3 ಹೇಳುತ್ತೆ. ಶಿಲುಬೆಯಲ್ಲಿ ಮುಗಿದ ಲೆಕ್ಕವನ್ನು ಒಬ್ಬ ತಾಯಿಯ ಮಡಿಲಲ್ಲಿ ಮತ್ತೆ ತೆರೆಯಬೇಡಿ. ಆಮೆನ್ ಹೇಳಿ.

ಈಗ ಒಡೋನೆ ಕುಟುಂಬ ಏನು ಮಾಡಿತು? ಅವರು ನಮ್ಮ ಪಂಗಡದವರಲ್ಲ, ಅವರನ್ನು ಸಂತರು ಅಂತ ನಾನು ಹೇಳ್ತಾ ಇಲ್ಲ. ಆದರೆ ಧೈರ್ಯ ಅಂದರೇನು ಅಂತ ಅವರಿಂದ ಮೂರು ವಿಷಯ ಕಲಿಯಬಹುದು.

ಒಂದನೆಯದು, ಅವರು ಮುಂದಿನ ಕೆಲಸ ಕೇಳಿಕೊಂಡರು. ಇಬ್ಬರಲ್ಲಿ ಯಾರೂ ಡಾಕ್ಟರಲ್ಲ. ಆದರೂ ವೈದ್ಯಕೀಯ ಲೈಬ್ರರಿಗೆ ಹೋಗಿ ಓದೋಕೆ ಕೂತರು. ಸಂಶೋಧಕರನ್ನು ಒಂದೇ ಮೇಜಿಗೆ ಕರೆಸಿದರು. ಊಟದಲ್ಲಿ ಆ ಕೊಬ್ಬು ಬಿಟ್ಟರೂ ರಕ್ತದಲ್ಲಿ ಅದು ಇಳಿಯೋದಿಲ್ಲ, ಯಾಕೆಂದರೆ ದೇಹ ತಾನೇ ಅದನ್ನು ತಯಾರು ಮಾಡುತ್ತೆ. ಹಾಗಾದರೆ ಅದನ್ನು ತಯಾರು ಮಾಡುವ ಎಂಜೈಮಿಗೆ ಬೇರೆ ಕೆಲಸ ಕೊಟ್ಟರೆ? ಆಲಿವ್ ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲ, ಸಾಸಿವೆ ಜಾತಿಯ ಎಣ್ಣೆಯಲ್ಲಿರುವ ಎರೂಸಿಕ್ ಆಮ್ಲ, ಇವೆರಡರ ಎಣ್ಣೆ ರೂಪವನ್ನು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಬೆರೆಸಿದರು. ಇಂಗ್ಲೆಂಡಿನ ಡಾನ್ ಸಡ್ಡಬಿ ಎಂಬ ಹಿರಿಯ ರಸಾಯನ ತಜ್ಞ ಅದನ್ನು ಶುದ್ಧವಾಗಿ ತಯಾರಿಸಿ ಕೊಟ್ಟರು. ರಕ್ತದಲ್ಲಿ ಆ ಕೊಬ್ಬು ಇಳಿಯಿತು.

ಸಿನಿಮಾದಲ್ಲಿ ಇಲ್ಲಿ ಸಂಗೀತ ಜೋರಾಗುತ್ತೆ. ಆದರೆ ನಿಜ ಜೀವನ ಕೇಳಿ. ಆ ಹೊತ್ತಿಗೆ ಲೊರೆಂಜೋನ ಮೆದುಳಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ಎಣ್ಣೆ ಅದನ್ನು ವಾಪಸ್ ತರಲಿಲ್ಲ. ಅವನು ಎದ್ದು ನಡೆಯಲಿಲ್ಲ, ಮಾತಾಡಲಿಲ್ಲ, ನೋಡಲಿಲ್ಲ.

ಅದಕ್ಕೇ ಎರಡನೆಯದು: ವಾಸಿಯಾಗದ ಮಗನ ಪಕ್ಕದಲ್ಲೂ ಅವರು ಇದ್ದರು. ಎರಡು ವರ್ಷ ಅಂದಿದ್ದರು. ಅವನು 2008ರ ಮೇ 30ರವರೆಗೆ ಬದುಕಿದ. ಹಿಂದಿನ ದಿನ ಅವನಿಗೆ 30 ವರ್ಷ ತುಂಬಿತ್ತು. ಅಂದರೆ ಕಾಯಿಲೆ ಗೊತ್ತಾದ ಮೇಲೆ 24 ವರ್ಷ. ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಎಂಜಲು ನುಂಗೋಕೂ ಆಗದ ಮಗನ ಗಂಟಲು ಹಗಲು ರಾತ್ರಿ ಶುಚಿ ಮಾಡಬೇಕು. ಮಗ್ಗುಲು ಬದಲಿಸಬೇಕು, ಕೊಳವೆಯಲ್ಲಿ ಊಟ ಕೊಡಬೇಕು. ಅವನು ಒಳಗೆ ಇದ್ದಾನೆ, ಕೇಳಿಸಿಕೊಳ್ತಾನೆ ಅಂತ ನಂಬಿ ಅವನಿಗೆ ಕಥೆ ಓದುತ್ತಿದ್ದರು, ಸಂಗೀತ ಹಾಕುತ್ತಿದ್ದರು. ಅವನು ಕಣ್ಣು ಮಿಟುಕಿಸಿ, ಬೆರಳು ಆಡಿಸಿ ಉತ್ತರ ಕೊಡುತ್ತಿದ್ದ. ಮಿಕೇಲಾ 2000ದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೂ ಅಪ್ಪ ಎಂಟು ವರ್ಷ ಆ ಸೇವೆ ಮುಂದುವರಿಸಿದರು.

ಪ್ರಿಯರೇ, ನಮಗೆ ಧೈರ್ಯ ಅಂದರೆ ಗೋಲಿಯಾತನ ಎದುರು ಓಡಿದ ದಾವೀದ ನೆನಪಾಗ್ತಾನೆ. ಒಂದು ಕಲ್ಲು, ಒಂದು ಏಟು, ಮುಗೀತು. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ಮಗ್ಗುಲು ಬದಲಿಸೋದು, ನಾಲ್ಕಕ್ಕೆ ಮತ್ತೆ ಎದ್ದು ಬದಲಿಸೋದು, ಬೆಳಿಗ್ಗೆ ಆಫೀಸಿಗೆ ಲಾಗಿನ್ ಆಗೋದು, ಇದೂ ಧೈರ್ಯವೇ. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಕರ್ತನು ನೋಡ್ತಾನೆ.

ಮೂರನೆಯದು, ಅವರು ಬೇರೆಯವರ ಮಕ್ಕಳನ್ನೂ ನೆನೆದರು. 1989ರಲ್ಲಿ ಹಾಳಾದ ಮೈಲಿನ್ ಮತ್ತೆ ಬೆಳೆಸುವ ಸಂಶೋಧನೆಗೆ ಮೈಲಿನ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ ಕಟ್ಟಿದರು. ಎಣ್ಣೆಯ ಬಗ್ಗೆ ಅನುಮಾನಗಳೂ ಇದ್ದವು, ಈಗಲೂ ಅದು ಪೂರ್ಣ ಔಷಧ ಅಂತ ಯಾರೂ ಹೇಳೋದಿಲ್ಲ. ಆದರೆ 2005ರಲ್ಲಿ ಡಾಕ್ಟರ್ ಹ್ಯೂಗೋ ಮೋಸರ್ ಮತ್ತು ಅವರ ಜೊತೆಗಾರರು, ಇನ್ನೂ ಲಕ್ಷಣ ಕಾಣಿಸದ 89 ಹುಡುಗರ ಅಧ್ಯಯನ ಪ್ರಕಟಿಸಿದರು. ಎಣ್ಣೆಯಿಂದ ಆ ಕೊಬ್ಬು ಇಳಿದ ಹುಡುಗರಲ್ಲಿ ಕಾಯಿಲೆ ಶುರುವಾಗುವ ಅಪಾಯ ಕಡಿಮೆ ಕಂಡಿತು. 2013ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯ ಹುಟ್ಟಿದ ಮಕ್ಕಳಿಗೆಲ್ಲ ಈ ಕಾಯಿಲೆಯ ಪರೀಕ್ಷೆ ಶುರು ಮಾಡಿತು. ಮೊದಲೇ ಗೊತ್ತಾದರೆ, ಮೆದುಳಿಗೆ ಹಾನಿ ಆರಂಭವಾದ ಕೂಡಲೇ ಅಸ್ಥಿಮಜ್ಜೆಯ ಕಸಿ ಮಾಡಿ ಬಹಳ ಮಕ್ಕಳನ್ನು ಉಳಿಸಬಹುದು. ತನ್ನ ಮಗನಿಗೆ ತಡವಾಯಿತು, ಇನ್ನೊಬ್ಬರ ಮಗನಿಗೆ ತಡವಾಗಬಾರದು. ಇದು ದೊಡ್ಡ ಮನಸ್ಸು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರ್ತೀನಿ. ಬ್ರದರ್, ನಾವು ಪೆಂಟೆಕೋಸ್ಟಲ್ ಅಲ್ವಾ? ಸ್ವಸ್ಥತೆ ನಂಬೋದಿಲ್ವಾ?

ನಂಬ್ತೀವಿ. ನೂರಕ್ಕೆ ನೂರು ನಂಬ್ತೀವಿ. ಯಾಕೋಬ 5 ಹೇಳುವ ಹಾಗೆ ಎಣ್ಣೆ ಹಚ್ಚಿ ಪ್ರಾರ್ಥಿಸ್ತೀವಿ, ಕೈ ಇಟ್ಟು ಪ್ರಾರ್ಥಿಸ್ತೀವಿ, ಉಪವಾಸ ಮಾಡ್ತೀವಿ. ಯೇಸು ನಿನ್ನೆ ಇವತ್ತು ನಿರಂತರ ಒಂದೇ ರೀತಿ ಇದ್ದಾರೆ. ಈ ಸಭೆಯಲ್ಲಿ ಸ್ವಸ್ಥತೆಯ ಸಾಕ್ಷಿ ಹೇಳಿದವರಿದ್ದಾರೆ, ದೇವರಿಗೆ ಸ್ತೋತ್ರ.

ಆದರೆ ಪೂರ್ತಿ ಬೈಬಲ್ ನಂಬೋಣ. ಅಪೊಸ್ತಲರ ಕೃತ್ಯಗಳು 19ರಲ್ಲಿ, ಎಫೆಸದಲ್ಲಿ ಪೌಲನ ಮೈಗೆ ತಾಕಿದ ಬಟ್ಟೆ ಒಯ್ದರೂ ರೋಗಿಗಳು ವಾಸಿಯಾದರು. ಅದೇ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ತ್ರೊಫಿಮನು ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೀತಾನೆ. ಮೊದಲನೇ ಪತ್ರದಲ್ಲಿ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಮನೆಮದ್ದು ಹೇಳ್ತಾನೆ. ಪೌಲನಿಗೆ ನಂಬಿಕೆ ಕಡಿಮೆ ಇತ್ತಾ? ತ್ರೊಫಿಮನ ಮನೆಯಲ್ಲಿ ಶಾಪ ಇತ್ತಾ? ಪೌಲ ಹಾಗೆ ಒಂದು ಮಾತೂ ಬರೆದಿಲ್ಲ. ತನ್ನ ಶರೀರದಲ್ಲಿ ನಾಟಿದ ಮುಳ್ಳಿಗೋಸ್ಕರ ಅವನೇ ಮೂರು ಸಲ ಬೇಡಿಕೊಂಡ. ಸಿಕ್ಕಿದ್ದು ಕೃಪೆ. ಮುಳ್ಳು ಹೋಗಲಿಲ್ಲ.

ಮಾರ್ಕ 9ರಲ್ಲಿ ಒಬ್ಬ ಅಪ್ಪ ಇದ್ದಾನೆ. ಮಗನಿಗೆ ಚಿಕ್ಕಂದಿನಿಂದ ತೊಂದರೆ. ಶಿಷ್ಯರ ಹತ್ತಿರ ತಂದ, ಅವರ ಕೈಲಾಗಲಿಲ್ಲ. ಅವನು ಯೇಸುವಿನ ಮುಂದೆ ಕೂಗಿದ್ದು ನಿಮಗೆ ಗೊತ್ತು. ನಂಬ್ತೀನಿ, ಆದರೆ ನನ್ನಲ್ಲಿ ಅಪನಂಬಿಕೆಯೂ ಇದೆ, ಸಹಾಯ ಮಾಡಿ ಅಂದ. ಯೇಸು ಅವನಿಗೆ, ಮೊದಲು ನಂಬಿಕೆ ಸರಿಮಾಡಿಕೊಂಡು ಬಾ ಅನ್ನಲಿಲ್ಲ. ಆ ಅರ್ಧ ನಂಬಿಕೆಯ ಅಪ್ಪನ ಮಗನನ್ನು ಕೈಹಿಡಿದು ಎಬ್ಬಿಸಿದರು. ಹಾಗಾಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅಳುತ್ತಿರುವ ಅಪ್ಪನಿಗೆ, ನಿಮ್ಮ ನಂಬಿಕೆ ಸಾಲದು ಬ್ರದರ್ ಅಂತ ಯಾರೂ ಹೇಳಬೇಡಿ. ಔಷಧ ನಿಲ್ಲಿಸಿ ಅಂತಲೂ ಹೇಳಬೇಡಿ. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ. ಯೇಸು ಕೆಸರನ್ನೇ ಉಪಯೋಗಿಸಿದರು, ಲ್ಯಾಬ್ ರಿಪೋರ್ಟಿಗೆ ಅವರು ಹೆದರ್ತಾರಾ?

ಈಗ ಯೋಹಾನ 9ಕ್ಕೆ ವಾಪಸ್ ಬನ್ನಿ. 18ನೇ ವಚನದಿಂದ ನಾವು ಬೇಗ ಬೇಗ ಓದಿ ದಾಟಿಬಿಡ್ತೀವಿ. ಮಗನಿಗೆ ಕಣ್ಣು ಬಂದಿದೆ. ಮನೆಯಲ್ಲಿ ಹಬ್ಬ ಆಗಬೇಕು. ಆದರೆ ಅಪ್ಪ ಅಮ್ಮನನ್ನು ವಿಚಾರಣೆಗೆ ಕರೆಸ್ತಾರೆ. ಇವನು ನಿಮ್ಮ ಮಗನಾ? ಹುಟ್ಟು ಕುರುಡನಾ? ಈಗ ಹೇಗೆ ಕಾಣಿಸುತ್ತೆ? ತಂದೆತಾಯಿ ಹೇಳ್ತಾರೆ, ಮಗ ನಮ್ಮವನೇ, ಹುಟ್ಟು ಕುರುಡನೇ, ಹೇಗೆ ಕಣ್ಣು ಬಂತೋ ಗೊತ್ತಿಲ್ಲ, ಅವನು ದೊಡ್ಡವನು, ಅವನನ್ನೇ ಕೇಳಿ. ಯಾಕೆ ಹೀಗೆ ಜಾರಿಕೊಂಡರು? 22ನೇ ವಚನ ಕಾರಣ ಹೇಳುತ್ತೆ. ಸಭಾಮಂದಿರದಿಂದ ಹೊರಗೆ ಹಾಕಿಬಿಡ್ತಾರೆ ಅಂತ ಭಯ.

ಕೇಳಿದ್ರಾ? ಅಂಗವಿಕಲ ಮಗನನ್ನು ಸಾಕಿದ ಒಂದು ಕುಟುಂಬ, ಕಾಯಿಲೆಗಿಂತ ಹೆಚ್ಚಾಗಿ ಸಭೆಗೆ ಹೆದರಿತು.

ಇದು ಇವತ್ತು ಕರ್ತನು ನಮ್ಮ ಮುಂದೆ ಇಡುವ ಪ್ರಶ್ನೆ. ಮಗುವಿನ ರಿಪೋರ್ಟ್ ಬಂದ ಮೇಲೆ ಎಷ್ಟೋ ಕುಟುಂಬಗಳು ಆರಾಧನೆಗೆ ಬರೋದು ನಿಲ್ಲಿಸ್ತಾರೆ. ನಾವು, ಅವರು ಹಿಂಜಾರಿದರು ಅಂತೀವಿ. ನಿಜವಾಗಿ ಅವರು ನಮ್ಮ ಬಾಯಿಗೆ ಹೆದರಿರಬಹುದು. ವ್ಹೀಲ್‌ಚೇರ್ ಹತ್ತಿಸೋಕೆ ರ್‍ಯಾಂಪ್ ಇಲ್ಲ ಅನ್ನೋದು ಒಂದು. ಮಗು ಶಬ್ದ ಮಾಡಿದರೆ ಹಿಂದಕ್ಕೆ ತಿರುಗಿ ನೋಡುವ ಕಣ್ಣುಗಳು ಇನ್ನೊಂದು.

ಕುಟುಂಬದ ಧೈರ್ಯ ಅಂತ ನಾವು ಹೊಗಳ್ತೀವಿ. ಆದರೆ ಆ ಧೈರ್ಯ ಒಬ್ಬರಿಬ್ಬರ ಹೆಗಲ ಮೇಲೆ ನಿಲ್ಲೋದಿಲ್ಲ. ಒಡೋನೆ ಮನೆಯಲ್ಲಿ ಇನ್ನೊಬ್ಬರಿದ್ದರು, ಊಮೂರಿ ಹಸ್ಸಾನೆ. ಕೊಮೊರೋಸಿನ ದಿನಗಳ ಸ್ನೇಹಿತ. ಸಮುದ್ರ ದಾಟಿ ಅಮೆರಿಕಕ್ಕೆ ಬಂದು ಲೊರೆಂಜೋನ ಆರೈಕೆಗೆ ನಿಂತರು. ರಕ್ತಸಂಬಂಧ ಇಲ್ಲ. ಸಿನಿಮಾ ಅಪ್ಪ ಅಮ್ಮನ ಹೆಸರಿನಲ್ಲಿ ನೆನಪಿರುತ್ತೆ, ಆದರೆ ಹಾಸಿಗೆಯ ಪಕ್ಕದಲ್ಲಿ ಈ ಮನುಷ್ಯನೂ ಇದ್ದ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ಕು ಜನರ ಹೆಸರು ಬೈಬಲಿನಲ್ಲಿ ಇಲ್ಲ. ಯೇಸು ಅವರ ನಂಬಿಕೆ ನೋಡಿದರು ಅಂತ ಇದೆ. ನಂಬಿಕೆ ಕಣ್ಣಿಗೆ ಕಾಣಿಸುತ್ತಾ? ಅವತ್ತು ಕಾಣಿಸಿತು. ಹಾಸಿಗೆಯ ಮೂಲೆ ಹಿಡಿದ ಕೈಯಲ್ಲಿ, ಕಿತ್ತು ತೆಗೆದ ಮಾಳಿಗೆಯಲ್ಲಿ ಕಾಣಿಸಿತು.

ಯೌವನಸ್ಥರೇ, ನಾಲ್ಕು ಮೂಲೆ ಹೇಳ್ತೀನಿ. ಒಂದಾದರೂ ಹಿಡಿಯಿರಿ.

ಮೊದಲನೇ ಮೂಲೆ, ನಾಲಿಗೆ. ಕಾರಣ ಹುಡುಕುವ ಪ್ರಶ್ನೆ ಬಿಡಿ. ಬೇರೆ ಯಾರಿಗೋ ಯಾವುದೋ ಎಲೆಯ ರಸದಿಂದ ವಾಸಿಯಾಯಿತು ಅನ್ನೋ ವಾಟ್ಸಾಪ್ ಫಾರ್ವರ್ಡ್ ಬಿಡಿ. "ಅಕ್ಕ, ಇವತ್ತು ಮಗು ಹೇಗಿದ್ದಾನೆ? ನಿಮಗೆ ನಿದ್ದೆ ಆಯ್ತಾ?" ಇಷ್ಟು ಸಾಕು. ಮಗುವಿನ ಹೆಸರು ಹಿಡಿದು ಮಗುವನ್ನೇ ಮಾತಾಡಿಸಿ.

ಎರಡನೇ ಮೂಲೆ, ಸಮಯ. ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ ಅವರ ಮನೆಯಲ್ಲಿ ಕೂತ್ಕೊಳ್ಳಿ, ಆ ತಾಯಿ ಮಲಗಲಿ. ಆರೈಕೆ ಹೇಗೆ ಮಾಡಬೇಕು ಅಂತ ಮೊದಲು ಕೇಳಿ ಕಲಿಯಿರಿ. ಮಗುವಿನ ಅಣ್ಣನನ್ನೋ ಅಕ್ಕನನ್ನೋ ಪಾರ್ಕಿಗೆ ಕರ್ಕೊಂಡು ಹೋಗಿ. ಕಾಯಿಲೆ ಇರುವ ಮನೆಯಲ್ಲಿ ಆರೋಗ್ಯವಾಗಿರುವ ಮಗು ಮರೆತುಹೋಗುತ್ತೆ.

ಮೂರನೇ ಮೂಲೆ, ನಿಮ್ಮ ಕೆಲಸದ ಜಾಣತನ. ನೀವು ದಿನವಿಡೀ ಎಕ್ಸೆಲ್ ಶೀಟ್, ಇಮೇಲ್, ಇನ್ಶೂರೆನ್ಸ್ ಫಾರ್ಮ್ ನೋಡೋರು. ಆ ಕುಟುಂಬಕ್ಕೆ ಅದನ್ನು ಮಾಡಿಕೊಡಿ. ನಮ್ಮ ದೇಶದಲ್ಲಿ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ, ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಂಥ ಒಂದು ಕೇಂದ್ರ. ಎಷ್ಟೋ ಅಪ್ಪ ಅಮ್ಮಂದಿರಿಗೆ ಯಾವ ಬಾಗಿಲು ತಟ್ಟಬೇಕು ಅಂತಲೇ ಗೊತ್ತಿಲ್ಲ. ಒಂದು ಫೈಲ್ ನೀಟಾಗಿ ಜೋಡಿಸಿ ಕೊಡೋದೂ ಸುವಾರ್ತೆಯ ಕೆಲಸವೇ.

ನಾಲ್ಕನೇ ಮೂಲೆ, ಮದುವೆ. ಇದು ಕೇಳೋಕೆ ಕಷ್ಟ, ಆದರೂ ಹೇಳ್ತೀನಿ. ನಮ್ಮ ಕಡೆ ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಸಂಬಂಧದಲ್ಲೇ ಮದುವೆ ಮಾಡುವ ರೂಢಿ ಇದೆ. ಕ್ರೈಸ್ತರಾದ ಮೇಲೂ ಕೆಲವು ಮನೆಗಳಲ್ಲಿ ಬಿಟ್ಟಿಲ್ಲ. ಕೆಲವು ಕಾಯಿಲೆಗಳು ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದರೆ ಮಾತ್ರ ಬರುತ್ತವೆ. ಎಸ್.ಎಂ.ಎ. ಅನ್ನೋ ಸ್ನಾಯುಗಳ ಕಾಯಿಲೆ ಅಂಥದ್ದು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಶೇಕಡಾ 25 ಸಂಭವ. ಒಂದೇ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ದೋಷ ಇರುವ ಸಂಭವ ಜಾಸ್ತಿ. ಸಂಬಂಧದ ಹೊರಗೆ ಮದುವೆಯಾದವರಿಗೂ ಬರಬಹುದು. ಹಾಗಾಗಿ ಮದುವೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ತಗೊಳ್ಳೋದು ನಂಬಿಕೆಯ ಕೊರತೆ ಅಲ್ಲ. ಅದು ವಿವೇಕ.

ಆದರೆ ಎಚ್ಚರಿಕೆ. ಈ ಜ್ಞಾನವನ್ನು ಮುಂದಿನ ಮಗುವಿಗೆ ಸಹಾಯ ಮಾಡೋಕೆ ಉಪಯೋಗಿಸಿ. ಆಗಲೇ ಹುಟ್ಟಿರುವ ಮಗುವಿನ ತಂದೆತಾಯಿಗೆ ಹೊಡೆಯುವ ಕೋಲಾಗಿ ಉಪಯೋಗಿಸಬೇಡಿ. ಮತ್ತೆ ಒಬ್ಬ ಹುಡುಗಿ, ನಾನು ವಾಹಕಿ, ನಮ್ಮ ಅಣ್ಣನಿಗೆ ಈ ಕಾಯಿಲೆ ಇತ್ತು ಅಂತ ನಿಜ ಹೇಳಿದರೆ, ಆ ಸಂಬಂಧ ಬೇಡ ಅಂತ ಫೋಟೋ ವಾಪಸ್ ಕಳಿಸಿ ಊರೆಲ್ಲ ಸುದ್ದಿ ಮಾಡಬೇಡಿ. ನಿಜ ಹೇಳಿದವಳಿಗೆ ಶಿಕ್ಷೆ ಕೊಟ್ಟರೆ ನಾಳೆಯಿಂದ ಎಲ್ಲರೂ ಬಚ್ಚಿಡ್ತಾರೆ. ಅವಳೂ ದೇವರ ಸ್ವರೂಪದಲ್ಲಿ ಉಂಟಾದವಳು.

ತಾಯಿಯ ಗರ್ಭದಲ್ಲಿ ನನ್ನನ್ನು ಹೆಣೆದವನು ನೀನೇ ಅನ್ನೋ ಅರ್ಥದಲ್ಲಿ 139ನೇ ಕೀರ್ತನೆ ಹಾಡುತ್ತೆ. ಆರೋಗ್ಯವಾಗಿ ಹುಟ್ಟಿದವರಿಗೆ ಮಾತ್ರ ಅಂತ ಅಲ್ಲಿ ಷರತ್ತು ಹಾಕಿಲ್ಲ. ಕಣ್ಣು ಮಿಟುಕಿಸಿ ಮಾತಾಡಿದ ಲೊರೆಂಜೋಗೂ ಅದು ಸಲ್ಲುತ್ತೆ. ನಮ್ಮ ಬೀದಿಯಲ್ಲಿ, ಬಾಗಿಲು ಮುಚ್ಚಿದ ರೂಮಿನಲ್ಲಿ ಮಲಗಿರುವ ಮಗುವಿಗೂ ಸಲ್ಲುತ್ತೆ. ವಾಸಿಯಾದರೆ ದೇವರ ಕ್ರಿಯೆ, ಹೌದು. ವಾಸಿಯಾಗುವವರೆಗೂ, ಇಲ್ಲಿ ವಾಸಿಯಾಗದಿದ್ದರೂ, ಆ ಮಗು ಪ್ರೀತಿಯಲ್ಲಿ ಬದುಕಿದರೆ ಅದೂ ದೇವರ ಕ್ರಿಯೆ. ಪುನರುತ್ಥಾನದ ದಿನ ಆ ನಾಲಿಗೆ ಮಾತಾಡುತ್ತೆ, ಆ ಕಾಲು ಓಡುತ್ತೆ. ಇದು ನಮ್ಮ ನಿರೀಕ್ಷೆ. ಹಲ್ಲೆಲೂಯ.

ಕೊನೆಯದಾಗಿ 35ನೇ ವಚನ. ಆ ಮನುಷ್ಯನನ್ನು ಹೊರಗೆ ಹಾಕಿಬಿಟ್ಟರು. ಯೇಸು ಅದನ್ನು ಕೇಳಿ, ಅವನನ್ನು ಹುಡುಕಿ ಕಂಡುಕೊಂಡರು. ಅವನು ಯೇಸುವನ್ನು ಹುಡುಕಿಕೊಂಡು ಬಂದ ಅಂತ ಇಲ್ಲ. ಯೇಸುವೇ ಹೋದರು.

ಪ್ರತಿ ವಾರ ನಾನು, ಪ್ರಾರ್ಥನೆ ಬೇಕಾದವರು ಮುಂದೆ ಬನ್ನಿ ಅಂತ ಕರೀತೀನಿ. ಇವತ್ತು ಅಂಥ ಮಗು ಇರುವ ತಂದೆತಾಯಿ ಎದ್ದು ಬರಬೇಕಾಗಿಲ್ಲ. ನಿಮ್ಮ ಜಾಗದಲ್ಲೇ ಕೂತಿರಿ. ನಾವು ಬರ್ತೀವಿ. ಒಂದು ಕಾಗದ ಹಿಂದಿನ ಮೇಜಿನ ಮೇಲಿದೆ. ಅದು ಆ ಕುಟುಂಬಗಳು ತುಂಬೋದಕ್ಕಲ್ಲ, ಮೂಲೆ ಹಿಡಿಯೋಕೆ ಸಿದ್ಧ ಇರೋರು ತಮ್ಮ ಹೆಸರು, ಫೋನ್ ನಂಬರ್, ವಾರಕ್ಕೆ ಎಷ್ಟು ಗಂಟೆ ಕೊಡ್ತೀರಿ ಅಂತ ಬರೆಯೋದಕ್ಕೆ. ಎರಡೇ ಗಂಟೆ ಬರೆದರೂ ಪರವಾಗಿಲ್ಲ. ಬರೆದ ಮೇಲೆ ಹೋಗಿ.

ಎಲ್ಲರೂ ತಲೆ ಬಾಗಿಸೋಣ.

ಪರಲೋಕದ ತಂದೆಯೇ, ರಾತ್ರಿ ಎಚ್ಚರವಾಗಿರುವ ತಂದೆತಾಯಿಗಳನ್ನು ನೀನು ಬಲ್ಲೆ. ಅವರ ಮಕ್ಕಳನ್ನು ಮುಟ್ಟು ಸ್ವಾಮಿ, ಸ್ವಸ್ಥಪಡಿಸು. ನಾವು ಬೇಡೋದನ್ನು ನಿಲ್ಲಿಸೋದಿಲ್ಲ. ಡಾಕ್ಟರುಗಳ, ಸಂಶೋಧಕರ ಕೈಗಳನ್ನು ನಡೆಸು. ತಮ್ಮದಲ್ಲದ ತಪ್ಪನ್ನು ಹೊತ್ತು ಕೂತಿರುವ ತಾಯಂದಿರ ಎದೆಯಿಂದ ಆ ಭಾರ ಈಗಲೇ ಇಳಿಸು. ಅವರು ಹೆದರದೆ ಒಳಗೆ ಬರುವಂಥ ಸಭೆಯಾಗಿ ನಮ್ಮನ್ನು ಮಾಡು. ನಮ್ಮ ಬಾಯಿಗೆ ಕಾವಲಿಡು, ನಮ್ಮ ಕೈಗೆ ಕೆಲಸ ಕೊಡು. ಹುಡುಕಿಕೊಂಡು ಹೋಗುವ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.